ಮನೆ ಜಾಗೆ ಕೊಳ್ಳುವ ಮೊದಲು ಅಳೆಸಿ

ನಾನು ಬ್ಯಾಂಕಿನಲ್ಲಿ ಗುಮಾಸ್ತ. ಮನೆ ಸಾಲದ ಫೈಲುಗಳು ನನ್ನ ಮೇಜಿನ ಮೇಲಿಂದಲೇ ಹೋಗ್ತವೆ. ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮ ಹುಡುಗರು ಬಂದಾಗ ನಾನು ಮೊದಲು ಕೇಳುವುದು, "ಜಾಗೆ ಅಳೆಸಿದ್ದೀರಾ?" ಹೆಚ್ಚಿನವರ ಉತ್ತರ, "ಇಲ್ಲ ಸಾರ್, ಆಧಾರದಲ್ಲಿ ಹತ್ತು ಸೆಂಟ್ಸ್ ಅಂತ ಉಂಟಲ್ಲ."

ಆಧಾರದಲ್ಲಿರುವುದು ಬರೆದ ಅಳತೆ. ನೆಲದ ಮೇಲೆ ಅಷ್ಟೇ ಇರಬೇಕೆಂದಿಲ್ಲ. ಪಕ್ಕದವರು ಅಗಳು ತೆಗೆಯುವಾಗ ಎರಡಡಿ ಈಚೆ ಬಂದಿರ್ತಾರೆ, ರಸ್ತೆ ಅಗಲ ಮಾಡುವಾಗ ಒಂದಿಷ್ಟು ಹೋಗಿರ್ತದೆ, ಅಣ್ಣತಮ್ಮಂದಿರು ಪಾಲು ಮಾಡುವಾಗ ಅಂದಾಜಿನಲ್ಲಿ ಹಗ್ಗ ಹಿಡಿದಿರ್ತಾರೆ. ಒಂದು ಸೆಂಟ್ಸ್ ಅಂದ್ರೆ 435.6 ಚದರ ಅಡಿ. ಅಷ್ಟು ಕಡಿಮೆಯಾದ್ರೆ ಎರಡು ದೊಡ್ಡ ಕೋಣೆ ಹೋದ ಹಾಗೆ. ದುಡ್ಡು ಮಾತ್ರ ಹತ್ತು ಸೆಂಟ್ಸಿಗೆ ಕೊಟ್ಟಿರ್ತೀರಿ.

"ಬ್ಯಾಂಕಿನವರು ನೋಡ್ತಾರಲ್ಲ" ಅಂತೀರಿ. ನೋಡ್ತೇವೆ, ನಮ್ಮ ಸಾಲಕ್ಕೆ ಬೇಕಾದಷ್ಟು. ವಕೀಲರು ಕಾಗದ ಓದಿ ಹಕ್ಕು ಯಾರದ್ದು ಅಂತ ಹೇಳ್ತಾರೆ. ವ್ಯಾಲ್ಯುವರ್ ಬಂದು ಬೆಲೆ ಕಟ್ತಾರೆ. ಗಡಿಕಲ್ಲಿನಿಂದ ಗಡಿಕಲ್ಲಿಗೆ ಅಳೆಯುವವನು ಸರ್ವೆಯರ್. ಅವನನ್ನು ಕರೆಸುವುದು ಕೊಳ್ಳುವವನ ಹೊಣೆ.

ನಮ್ಮ ಕಡೆ ಇದು ಇನ್ನೂ ಮುಖ್ಯ. 1956ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾಗಿ ಇಲ್ಲೂ ವರ್ಗ ಜಾಗೆ, ಕುಮ್ಕಿ ಜಾಗೆ ಅಂತ ಉಂಟು. ಕುಮ್ಕಿ ಸರಕಾರದ್ದು. ವರ್ಗದಾರನಿಗೆ ಇದ್ದದ್ದು ಸೊಪ್ಪು, ಸೌದೆ, ಮೇವಿನಂಥ ಸೌಲಭ್ಯ. ಆದರೆ ತೋಟದ ಮೇಲಿನ ಗುಡ್ಡೆಗೆ ಬೇಲಿ ಹಾಕಿ ಎಷ್ಟೋ ವರ್ಷ ಗೇರುಬೀಜ ಹೆಕ್ಕಿದವರು ಅದನ್ನೂ ಸೇರಿಸಿಯೇ ಜಾಗೆ ತೋರಿಸ್ತಾರೆ. ಮೋಸದ ಬುದ್ಧಿಯೇ ಆಗಬೇಕೆಂದಿಲ್ಲ, ಅವರಿಗೂ ಅದು ತಮ್ಮದೇ ಅನ್ನಿಸಿರ್ತದೆ. ಮನೆ ಕಟ್ಟಲು ಚಂದದ ಸಮತಟ್ಟು ಇರುವುದು ಹೆಚ್ಚಾಗಿ ಅಲ್ಲೇ! ನಿಮ್ಮ ಹತ್ತು ಸೆಂಟ್ಸ್ ಕೆಳಗಿನ ಇಳಿಜಾರಿನಲ್ಲಿದೆ ಅಂತ ಗೊತ್ತಾಗುವುದು ಅಳೆದಾಗ.

ಇನ್ನು ಭಾಷೆ. ಈಗಿನ ದಾಖಲೆ ಮಲೆಯಾಳದಲ್ಲಿ. ಅದರಲ್ಲಿ 'ನಿಲಂ' ಅಂತ ಇದ್ದದ್ದನ್ನು 'ನೆಲ' ಅಂತ ಓದಿಕೊಂಡವರನ್ನು ನೋಡಿದ್ದೇನೆ. ನಿಲಂ ಅಂದ್ರೆ ಗದ್ದೆ. ಮಣ್ಣು ತುಂಬಿಸಿ ತೆಂಗು ನೆಟ್ಟಿದ್ದರೂ, 2008ರ ಭತ್ತದ ಗದ್ದೆ ಸಂರಕ್ಷಣೆ ಕಾಯ್ದೆಯಿಂದಾಗಿ ಅಲ್ಲಿ ಮನೆಗೆ ಪರವಾನಗಿ ಸುಲಭದಲ್ಲಿ ಸಿಕ್ಕುವುದಿಲ್ಲ. 'ಪುರಯಿಡಂ' ಅಂತ ಇದೆಯಾ, ಡಾಟಾ ಬ್ಯಾಂಕ್ ಪಟ್ಟಿಯಲ್ಲಿ ಸರ್ವೆ ನಂಬರ್ ಇದೆಯಾ, ವಿಲೇಜ್ ಆಫೀಸಿನಲ್ಲಿ ಕೇಳಿ. ವಿಸ್ತೀರ್ಣ ಆರ್ ಲೆಕ್ಕದಲ್ಲಿರ್ತದೆ. ಒಂದು ಆರ್ ಅಂದ್ರೆ ಸುಮಾರು 2.47 ಸೆಂಟ್ಸ್.

ಆದರೆ ಎಷ್ಟೋ ಮನೆಗಳ ಹಳೆ ಆಧಾರ ಕನ್ನಡದಲ್ಲೇ ಉಂಟು. ಪೂರ್ವಕ್ಕೆ ತೋಡು, ಪಡುವಕ್ಕೆ ಇಂಥವರ ಅಗಳು ಅಂತ ಗಡಿ ಸರಿಯಾಗಿ ಬರೆದಿರ್ತಾರೆ. ಕನ್ನಡ ಬಾರದ ಸರ್ವೆಯರ್ ಅದನ್ನು ಓದಲಾರ. ಅಳತೆಯ ದಿನ ಆ ಕಾಗದ ಹಿಡಿದು ಅವನ ಜೊತೆ ನಡೆಯಬೇಕಾದವರು ನೀವು. ಹಳೆ ಕೈಬರಹ ತಿಳಿಯದಿದ್ದರೆ ಮನೆಯ ಅಜ್ಜನನ್ನೋ ಮಾವನನ್ನೋ ಕರೆದುಕೊಂಡು ಹೋಗಿ. ಪಕ್ಕದ ಜಾಗೆಯವರಿಗೂ ಮೊದಲೇ ಹೇಳಿ, ಅವರ ಎದುರೇ ಕಲ್ಲು ಹಾಕಿಸಿ.

ಗಡಿ ಗುರುತಿಗೆ ತಾಲೂಕು ಕಚೇರಿಗೆ ಅರ್ಜಿ ಕೊಡಬೇಕಾದವರು ಮಾರುವವರು. ಕೊಡಲು ಹಿಂದೆಮುಂದೆ ನೋಡಿದರೆ ನೀವೂ ಮುಂಗಡ ಕೊಡಲು ಹಿಂದೆಮುಂದೆ ನೋಡಿ. ಕರಾರಿನಲ್ಲಿ "ಅಳತೆಗೆ ಸಿಕ್ಕಿದಷ್ಟು ಜಾಗೆಗೆ ಸೆಂಟ್ಸಿಗೆ ಇಷ್ಟು" ಅಂತ ಬರೆಸಿ. 2022ರ ನವೆಂಬರಿನಲ್ಲಿ ಶುರುವಾದ ಡಿಜಿಟಲ್ ಮರುಸರ್ವೆ ನಿಮ್ಮ ಗ್ರಾಮಕ್ಕೆ ಬಂದಿದ್ದರೆ ಹೊಸ ನಂಬರ್, ಹೊಸ ನಕ್ಷೆ ಎರಡನ್ನೂ ಹಳೆಯದರ ಜೊತೆ ಹೋಲಿಸಿ. ಕರಡು ತೋರಿಸುವಾಗಲೇ ಆಕ್ಷೇಪ ಹಾಕಿ. ಅರ್ಜಿ ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಂತೆ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು.

ಹಳೆ ಆಧಾರ ತಂದವರು ಹೊರಗೆ ಹಾಕಬೇಡಿ, ಚಹಾ ಆದ ಮೇಲೆ ಇಲ್ಲೇ ಕೂತು ಗಡಿ ಓದುವ.