ಕೈಯಲ್ಲಿ ನೌಕರಿ, ಮನಸ್ಸಿನಲ್ಲಿ ಪರೀಕ್ಷೆ

ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ನಾವು, ಬರೀ ಮೆಟ್ರಿಕ್ ಆದವರು, ಲೆಕ್ಕಿಗರಾಗ ಹೊರಟ ಹುಡುಗರಿಗೆ ಬುದ್ಧಿ ಹೇಳುವುದು ಅಧಿಕಪ್ರಸಂಗವೇ ಸರಿ. ಆದರೂ ಕೇಳಬೇಕು.

ಈ ವಾಚನಾಲಯದಲ್ಲೇ ಓದಿದ ಪದವೀಧರನೊಬ್ಬನಿಗೆ ಕೇಂದ್ರ ಸರಕಾರದ ಲೆಕ್ಕ ತಪಾಸಣೆಯ ಕಚೇರಿಯಲ್ಲಿ ಆಡಿಟರ್ ಕೆಲಸ ಸಿಕ್ಕಿತು. ಅವನಿಗೋ ಚಾರ್ಟರ್ಡ್ ಅಕೌಂಟೆಂಟ್ ಆಗುವ ಹಂಬಲ. ಅದಕ್ಕೆ ಆರ್ಟಿಕಲ್‌ಶಿಪ್ 2 ವರ್ಷ. 2023ರ ಹೊಸ ಕ್ರಮಕ್ಕೆ ಮುಂಚೆ 3 ಇತ್ತು. ಹಗಲೆಲ್ಲ ಅಲ್ಲೇ ದುಡಿಯಬೇಕು, ಸರಕಾರಿ ನೌಕರಿಯೊಡನೆ ಅದು ಕೂಡಿಬಾರದು. ಊರಿಗೆ ಹಣ ಕಳಿಸುವವರು ಯಾರು?

ರಾಜೀನಾಮೆ ಬರೆದು ತಂದವನನ್ನು ಕೂರಿಸಿಕೊಂಡು, ಇಲಾಖೆಯದೇ ಎಸ್.ಎ.ಎಸ್. ಪರೀಕ್ಷೆಯ ಮಾತೆತ್ತಿದೆವು. ಪಾಸಾದರೆ ಸಹಾಯಕ ಆಡಿಟ್ ಅಧಿಕಾರಿಯ ಹುದ್ದೆಗೆ ದಾರಿ. ಕಚೇರಿಯ ಅನುಮತಿ ಪಡೆದು ಕಾಸ್ಟ್ ಅಕೌಂಟೆನ್ಸಿಯನ್ನು ಸಂಜೆ ಓದಬಹುದು ಎಂದೆವು.

ಆ ಕಾಗದ ಅವನ ಕಿಸೆಯಲ್ಲೇ ಇದೆ; ಹರಿದಿಲ್ಲ, ಕೊಟ್ಟೂ ಇಲ್ಲ.