ಒಂದು ಚಿಟಿಕೆ ಉಪ್ಪು, ಹತ್ತಾರು ಮಾತು



ಇಂಗ್ಲಿಷ್ ಕಲಿಯುವವರನ್ನು ಹೆಚ್ಚು ಕಾಡುವುದು ಚಿಕ್ಕ ಪದಗಳು. ದೊಡ್ಡ ಪದ ಎದುರಾದರೆ ನಿಘಂಟು ತೆರೆದರಾಯಿತು. ಆದರೆ ‘ಸಾಲ್ಟ್’ ಎಂಬ ಪದಕ್ಕಾಗಿ ಯಾರೂ ನಿಘಂಟು ತೆರೆಯುವುದಿಲ್ಲ. ಸಾಲ್ಟ್ ಎಂದರೆ ಉಪ್ಪು ಎಂಬುದು ಪ್ರಾಥಮಿಕ ಶಾಲೆಯ ಮಗುವಿಗೂ ಗೊತ್ತು. ಆದರೂ ಒಂದು ಸುದ್ದಿಯನ್ನು ‘ವಿತ್ ಎ ಪಿಂಚ್ ಆಫ್ ಸಾಲ್ಟ್’ ಸ್ವೀಕರಿಸಿ ಎಂದರೆ, ಪದಗಳೆಲ್ಲ ಗೊತ್ತಿದ್ದೂ ಮಾತು ಅರ್ಥವಾಗುವುದಿಲ್ಲ. ಚಿಟಿಕೆ ಉಪ್ಪಿಗೂ ಸುದ್ದಿಗೂ ಎಲ್ಲಿಯ ಸಂಬಂಧ?

ಕೇಳಿದ್ದನ್ನೆಲ್ಲ ಪೂರ್ತಿ ನಂಬಬೇಡಿ ಎಂಬುದು ಅದರ ತಾತ್ಪರ್ಯ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುವ ನಮ್ಮ ಗಾದೆಯೂ ಇದರ ಹತ್ತಿರಕ್ಕೇ ಬರುತ್ತದೆ. ಇಂಗ್ಲಿಷಿನಲ್ಲಿ ಈ ಮಾತು 17ನೇ ಶತಮಾನದಿಂದ ಬಳಕೆಯಲ್ಲಿದೆ. ಮೊದಲು ‘ಗ್ರೇನ್ ಆಫ್ ಸಾಲ್ಟ್’, ಅಂದರೆ ಉಪ್ಪಿನ ಕಾಳು ಎನ್ನುತ್ತಿದ್ದರು. ‘ಚಿಟಿಕೆ’ ಸೇರಿಕೊಂಡದ್ದು ಬಹಳ ತಡವಾಗಿ. ಇದರ ಮೂಲವನ್ನು ಹುಡುಕುವವರು ಸಾಮಾನ್ಯವಾಗಿ ರೋಮಿನ ಪ್ಲಿನಿಯ ಬಳಿಗೆ ಹೋಗುತ್ತಾರೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ತೀರಿಕೊಂಡ ಈ ಪಂಡಿತ ತನ್ನ ಬೃಹತ್ ಗ್ರಂಥ ‘ನ್ಯಾಚುರಲ್ ಹಿಸ್ಟರಿ’ಯಲ್ಲಿ ಒಂದು ಪ್ರಸಂಗ ಹೇಳುತ್ತಾನೆ. ಕಪ್ಪು ಸಮುದ್ರದ ದಂಡೆಯ ಪಾಂಟಸ್ ರಾಜ್ಯದ ದೊರೆ ಮಿಥ್ರಿಡೇಟಿಸ್‌ಗೆ ವಿಷಪ್ರಾಶನದ ಭಯ ವಿಪರೀತವಾಗಿತ್ತು. ಅವನನ್ನು ಸೋಲಿಸಿದ ರೋಮನ್ ಸೇನಾನಿ ಪಾಂಪೆಗೆ ಅವನ ಖಾಸಗಿ ಕಾಗದಪತ್ರಗಳಲ್ಲಿ ಒಂದು ಮದ್ದಿನ ವಿವರ ಸಿಕ್ಕಿತು. ಎರಡು ಒಣ ಅಕ್ರೋಟು, ಎರಡು ಅಂಜೂರ, ರೂ ಎಂಬ ಗಿಡದ 20 ಎಲೆ. ಇವನ್ನು ಅರೆದು ಒಂದು ಕಾಳು ಉಪ್ಪು ಸೇರಿಸಿ ಖಾಲಿ ಹೊಟ್ಟೆಯಲ್ಲಿ ತಿಂದರೆ ಆ ದಿನ ಯಾವ ವಿಷವೂ ತಟ್ಟುವುದಿಲ್ಲವಂತೆ!

ಪ್ಲಿನಿಯ ಬರಹದಲ್ಲಿ ಈ ಉಪ್ಪು ಕೇವಲ ಮದ್ದಿನ ಒಂದು ವಸ್ತು. ಅನುಮಾನದ ಅರ್ಥ ಅದಕ್ಕೆ ಅಂಟಿಕೊಂಡದ್ದು ಮುಂದೆಂದೋ. ವಿಷದ ಮಾತೂ ಉಪ್ಪಿನ ಕಾಳಿದ್ದರೆ ಜೀರ್ಣವಾದೀತು ಎಂದು ನಂತರದವರು ಭಾವಿಸಿರಬೇಕು.

ಈ ಚಿಟಿಕೆ ಉಪ್ಪನ್ನು ಮೊದಲು ಪ್ರಯೋಗಿಸಬೇಕಾದದ್ದು ಉಪ್ಪಿನದೇ ಇನ್ನೊಂದು ಕತೆಯ ಮೇಲೆ. ಸಂಬಳಕ್ಕೆ ಇಂಗ್ಲಿಷಿನಲ್ಲಿ ‘ಸ್ಯಾಲರಿ’ ಎಂಬ ಹೆಸರು ಬಂದದ್ದು ರೋಮನ್ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಡುತ್ತಿದ್ದರಿಂದ ಎಂದು ಮೇಷ್ಟ್ರು ತರಗತಿಯಲ್ಲಿ ಹೇಳುತ್ತಾರೆ, ಸಾಮಾನ್ಯ ಜ್ಞಾನದ ಪುಸ್ತಕಗಳೂ ಹೇಳುತ್ತವೆ. ಇದರಲ್ಲಿ ಅರ್ಧ ಮಾತ್ರ ನಿಜ. ಲ್ಯಾಟಿನ್‌ನಲ್ಲಿ ಉಪ್ಪಿಗೆ ‘ಸಾಲ್’, ಭತ್ಯಕ್ಕೆ ‘ಸಲಾರಿಯಮ್’, ಅದರಿಂದಲೇ ‘ಸ್ಯಾಲರಿ’. ಈ ನಂಟನ್ನು ಪ್ಲಿನಿಯೂ ಗುರುತಿಸಿದ್ದಾನೆ. ಆದರೆ ಸೈನಿಕರಿಗೆ ಉಪ್ಪನ್ನೇ ಅಳೆದು ಕೊಡುತ್ತಿದ್ದರೆಂದು ಪ್ರಾಚೀನ ಗ್ರಂಥ ಯಾವುದೂ ಹೇಳುವುದಿಲ್ಲ. ಚಕ್ರವರ್ತಿ ಆಗಸ್ಟಸ್‌ನ ಕಾಲದಲ್ಲಿ ಸಾಮಾನ್ಯ ಸೈನಿಕನ ವೇತನ ವರ್ಷಕ್ಕೆ 225 ಬೆಳ್ಳಿ ನಾಣ್ಯ. ಸ್ಯಾಲಡ್, ಸಾಸ್, ಸಾಸೇಜ್‌ಗಳೂ ಇದೇ ‘ಸಾಲ್’ ಮನೆತನದವು. ಉಪ್ಪು ಹಾಕಿದ ಸೊಪ್ಪು ಸ್ಯಾಲಡ್ ಆಯಿತು, ಉಪ್ಪು ಹಾಕಿದ ಮಾಂಸ ಸಾಸೇಜ್ ಆಯಿತು.

ಒಂದು ಅಡುಗೆಮನೆ ಪದಾರ್ಥ ಭಾಷೆಯೊಳಗೆ ಇಷ್ಟು ಆಳಕ್ಕೆ ಇಳಿದದ್ದಕ್ಕೆ ಕಾರಣ ರುಚಿಯೊಂದೇ ಅಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ ಯೂರೋಪಿನ ದೀರ್ಘ ಚಳಿಗಾಲಕ್ಕೆ ಮಾಂಸ, ಮೀನು ಕೆಡದೆ ಉಳಿಯುತ್ತಿದ್ದುದು ಉಪ್ಪಿನಿಂದ. ತಿಂಗಳುಗಟ್ಟಲೆ ಹಡಗಿನಲ್ಲಿ ಉಪ್ಪು ಹಾಕಿದ ಮಾಂಸ ತಿಂದು, ಉಪ್ಪುನೀರಿನಲ್ಲೇ ಬಾಳು ಸವೆಸಿದ ಅನುಭವಿ ನಾವಿಕನನ್ನು ಇಂಗ್ಲಿಷರು ‘ಓಲ್ಡ್ ಸಾಲ್ಟ್’ ಎಂದು ಕರೆದರು.

ಬೆಲೆಬಾಳುವ ವಸ್ತು ಇದ್ದಲ್ಲಿ ಮೇಲು ಕೀಳಿನ ಲೆಕ್ಕವೂ ಇರುತ್ತದೆ. ಹಳೆಯ ಇಂಗ್ಲೆಂಡಿನ ಶ್ರೀಮಂತರ ಮನೆಗಳಲ್ಲಿ ಊಟದ ಉದ್ದನೆಯ ಮೇಜಿನ ಮೇಲೆ ದೊಡ್ಡದೊಂದು ಉಪ್ಪಿನ ಪಾತ್ರೆ ಇಡುವ ಪದ್ಧತಿಯಿತ್ತು. ಯಜಮಾನ ಮತ್ತು ಗಣ್ಯ ಅತಿಥಿಗಳು ಪಾತ್ರೆಯಿಂದ ಮೇಲಿನ ತುದಿಗೆ. ಆಶ್ರಿತರು, ಬಡನೆಂಟರು ಕೆಳಗಿನ ತುದಿಗೆ. ‘ಅಬವ್ ದ ಸಾಲ್ಟ್’, ‘ಬಿಲೋ ದ ಸಾಲ್ಟ್’ ಎಂಬ ಮಾತುಗಳು ಹುಟ್ಟಿದ್ದು ಹೀಗೆ. ಪಂಕ್ತಿಭೇದ ನಮ್ಮಲ್ಲಿ ಮಾತ್ರ ಇತ್ತೆಂದು ತಿಳಿಯಬೇಕಿಲ್ಲ.

‘ಸಾಲ್ಟ್ ಆಫ್ ದಿ ಅರ್ತ್’ ಇದಕ್ಕೆ ತದ್ವಿರುದ್ಧವಾದ ಮಾತು. ಬೈಬಲಿನ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಏಸು ತನ್ನ ಶಿಷ್ಯರನ್ನು ಭೂಮಿಯ ಉಪ್ಪಿಗೆ ಹೋಲಿಸುತ್ತಾನೆ. ಸದ್ದಿಲ್ಲದೆ ಲೋಕವನ್ನು ಕೆಡದಂತೆ ಕಾಯುವ ಪ್ರಾಮಾಣಿಕ ಸಾಮಾನ್ಯ ಜನರಿಗೆ ಇಂದು ಇಂಗ್ಲಿಷಿನಲ್ಲಿ ಈ ಮಾತನ್ನು ಬಳಸುತ್ತಾರೆ. ಮೇಜಿನಲ್ಲಿ ಉಪ್ಪಿನ ಕೆಳಗೆ ಕುಳಿತವರೇ ಈ ಮಾತಿನಲ್ಲಿ ಉಪ್ಪಾಗಿಬಿಡುತ್ತಾರೆ!

ಇನ್ನು ದುಡಿಮೆಯ ಮಾತಿಗೆ ಬರೋಣ. ಕೆಲಸ ಬಲ್ಲವನನ್ನು ‘ವರ್ತ್ ಹಿಸ್ ಸಾಲ್ಟ್’ ಎನ್ನುವುದು 19ನೇ ಶತಮಾನದಿಂದ ರೂಢಿಯಲ್ಲಿದೆ. ತಿಂದ ಉಪ್ಪಿನ ಬೆಲೆಯನ್ನು ದುಡಿದು ತೀರಿಸುವವನು ಎಂದರ್ಥ. ಅದೇ ಕಾಲದಲ್ಲಿ ಭಾರತದಲ್ಲಿದ್ದ ಇಂಗ್ಲಿಷರು ‘ಟ್ರೂ ಟು ದೇರ್ ಸಾಲ್ಟ್’ ಎಂಬ ಮಾತನ್ನು ಧಾರಾಳವಾಗಿ ಬಳಸಿದರು. 1857ರ ದಂಗೆಯ ಬಗ್ಗೆ ಅವರು ಬರೆದದ್ದರಲ್ಲಿ, ಕಂಪನಿಯ ಪರ ನಿಂತ ಸಿಪಾಯಿ ಉಪ್ಪಿಗೆ ನಿಯತ್ತಾಗಿದ್ದವನು. ತಿರುಗಿಬಿದ್ದವನು ಉಪ್ಪಿಗೆ ದ್ರೋಹ ಬಗೆದವನು. ಈ ಭಾವನೆ ನಮಗೆ ಹೊಸದಲ್ಲ. ‘ನಮಕ್‌ಹರಾಮ್’ ಎಂಬ ಬೈಗುಳ ಕನ್ನಡದಲ್ಲೂ ನೆಲೆಯೂರಿದೆ. ‘ಉಪ್ಪುಂಡ ಮನೆಗೆ ಎರಡು ಬಗೆಯಬಾರದು’ ಎಂಬ ಬುದ್ಧಿಮಾತು ಹಳ್ಳಿಹಳ್ಳಿಯಲ್ಲೂ ಉಂಟು.

ಆದರೆ ಒಂದು ವಿಷಯವನ್ನು ಗಮನಿಸಬೇಕು. ಇಂಗ್ಲಿಷಿನ ‘ವರ್ತ್ ಹಿಸ್ ಸಾಲ್ಟ್’ ಆಗಲಿ, ಕನ್ನಡದ ‘ಉಪ್ಪಿನ ಋಣ’ ಆಗಲಿ, ಲೆಕ್ಕ ಹಾಕುವುದು ಉಪ್ಪು ಕೊಟ್ಟವನ ಕಡೆಯಿಂದ. ತಿಂದವನು ಋಣ ತೀರಿಸಿದನೇ ಎಂದು ಈ ಮಾತುಗಳು ಕೇಳುತ್ತವೆ. ದುಡಿಮೆಗೆ ತಕ್ಕಷ್ಟು ಉಪ್ಪು ಸಿಕ್ಕಿತೇ, ಆ ಉಪ್ಪು ನಿಜವಾಗಿ ಯಾರದು ಎಂದು ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಕೇಳಿದ್ದು 1930. ಇಂಗ್ಲೆಂಡಿನಲ್ಲಿ ಉಪ್ಪಿನ ತೆರಿಗೆ 1825ರಲ್ಲೇ ರದ್ದಾಗಿತ್ತು. ಭಾರತದಲ್ಲಿ ಮಾತ್ರ ಬ್ರಿಟಿಷ್ ಸರ್ಕಾರ ಅದನ್ನು ವಸೂಲು ಮಾಡುತ್ತಲೇ ಇತ್ತು. ಗಾಂಧೀಜಿ ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪನ್ನು ಕೈಗೆತ್ತಿಕೊಂಡರು. ಒಂದು ವಾರದ ಬಳಿಕ, ಏಪ್ರಿಲ್ 13ರಂದು, ಉತ್ತರ ಕನ್ನಡದ ಅಂಕೋಲೆಯ ಕಡಲತೀರದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಕಾನೂನು ಮುರಿದು ಉಪ್ಪು ತಯಾರಿಸಿದರು. ಸರ್ಕಾರದ ಉಪ್ಪಿಗೆ ನಿಯತ್ತಾಗಿರಿ ಎಂದವರಿಗೆ, ಈ ಉಪ್ಪು ನಮ್ಮದೇ ಕಡಲಿನದು ಎಂಬ ಉತ್ತರ ಅಲ್ಲಿ ಸಿಕ್ಕಿತು.

ನುಡಿಗಟ್ಟುಗಳನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ಪಾಸಾದೀತು. ಅವು ಯಾರ ಬಾಯಿಂದ ಹೊರಟವು, ಯಾರನ್ನು ಕುರಿತು ಹೊರಟವು ಎಂದು ವಿಚಾರಿಸಿದರೆ ಭಾಷೆಯ ಜೊತೆಗೆ ಆ ಜನರ ಚರಿತ್ರೆಯೂ ತಿಳಿಯುತ್ತದೆ. ಮುಂದಿನ ಬಾರಿ ಯಾರಾದರೂ ‘ವರ್ತ್ ಹಿಸ್ ಸಾಲ್ಟ್’ ಎಂದು ಒಬ್ಬರನ್ನು ಹೊಗಳಿದಾಗ, ಆ ದುಡಿಮೆಗಾರನಿಗೆ ಕೊಟ್ಟ ಉಪ್ಪು ಎಷ್ಟು ಎಂದೂ ಒಂದು ಮಾತು ಕೇಳಿ ನೋಡಿ.