ಹಳೇ ಟ್ರ್ಯಾಕ್ಟರಿನ ಡೀಸೆಲ್ ದಾರಿ

(ಸಂಘದ ಬೆಳ್ಳಿಹಬ್ಬದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಹಕಾರ ಚಳವಳಿಯ ವಿಚಾರವಾಗಿ, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ದೀಪದ ವಿಚಾರವಾಗಿ ನಮಗಿಂತ ಬಲ್ಲವರು ಬೆಳಗಿನಿಂದ ಮಾತನಾಡಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಬಹಳ ಚಿಕ್ಕದು. ಹಳೆಯ ಡೀಸೆಲ್ ಟ್ರ್ಯಾಕ್ಟರ್ ಓಡುತ್ತಾ ಓಡುತ್ತಾ ನಿಂತುಹೋದರೆ ಏನು ಮಾಡಬೇಕು ಅನ್ನೋದು.

ಅಬ್ಬಿಗೆರೆಯಲ್ಲಿ ಇನ್ನೆಲ್ಲಿ ಟ್ರ್ಯಾಕ್ಟರ್ ಸ್ವಾಮಿ, ಹೊಲವೆಲ್ಲ ಸೈಟು, ಶೆಡ್ಡು ಆಗಿಹೋಯ್ತಲ್ಲ ಅಂತ ಯಾರಾದರೂ ಕೇಳಬಹುದು. ಹೊಲ ಹೋಯ್ತು ನಿಜ, ಗಾಡಿ ಹೋಗಿಲ್ಲ. ಉಳಿದಿರುವ ಅಷ್ಟಿಷ್ಟು ಭೂಮಿಯಲ್ಲಿ ರಾಗಿಗೆ ಉಳುವುದೂ ಅದೇ, ಬೇಸಿಗೆಯಲ್ಲಿ ಬಡಾವಣೆಗಳಿಗೆ ನೀರಿನ ಟ್ಯಾಂಕರ್ ಎಳೆಯುವುದೂ ಅದೇ. 5,000 ಲೀಟರ್ ನೀರು ಅಂದರೆ ಬರೀ ನೀರಿನ ಭಾರವೇ 5 ಟನ್. ಅಷ್ಟು ಹೊತ್ತು ಏರು ರಸ್ತೆಯಲ್ಲಿ ಗಾಡಿ ನಿಂತರೆ ಹಿಂದೆ ಬರುವವರು ನಮಗೆ ಹೇಳುವ ಮಾತನ್ನು ಈ ವೇದಿಕೆಯಲ್ಲಿ ಹೇಳಲಾಗದು.

ಇನ್ನೊಂದು ಕಾರಣವೂ ಇದೆ. ಪಕ್ಕದ ಜಾಲಹಳ್ಳಿಯಲ್ಲಿ 1953ರಿಂದ ಎಚ್.ಎಂ.ಟಿ. ಇದ್ದದ್ದರಿಂದ ಆ ಹೆಸರಿನ ಟ್ರ್ಯಾಕ್ಟರೂ ಇಲ್ಲೇ ಹುಟ್ಟಿದ್ದು ಅಂತ ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದರು. ಅದು ತಯಾರಾಗುತ್ತಿದ್ದುದು ದೂರದ ಹರಿಯಾಣದ ಪಿಂಜೋರಿನಲ್ಲಿ, 1971ರಿಂದ. 2016ರಲ್ಲಿ ಕೇಂದ್ರ ಸರ್ಕಾರ ಆ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ತಯಾರಿಕೆ ನಿಂತ ಗಾಡಿಗೆ ಒಂದೊಂದು ಸಾಮಾನಿಗೂ ಜೆ.ಸಿ. ರಸ್ತೆಯ ಅಂಗಡಿ ಅಂಗಡಿ ಸುತ್ತಬೇಕು. ಆದ್ದರಿಂದ ಹಾಳಾಗದೇ ಇರುವ ಸಾಮಾನನ್ನು ಬಿಚ್ಚದೇ ಇರುವುದು ಮೊದಲ ಉಳಿತಾಯ.

ಇದನ್ನು ನಾವು ದುಡ್ಡು ಕೊಟ್ಟು ಕಲಿತೆವು. ಒಂದು ಮುಂಗಾರಿನಲ್ಲಿ ಮಳೆ ಬಿದ್ದು ಭೂಮಿ ಒಳ್ಳೆ ಹದಕ್ಕೆ ಬಂದಿತ್ತು. ನಮ್ಮ ಗಾಡಿ ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗೋದು, ಅರ್ಧ ಗಂಟೆ ಉಳೋದು, ಆಮೇಲೆ ಉಸಿರು ಕಟ್ಟಿದ ಹಾಗೆ ಎಳೆದಾಡಿ ನಿಲ್ಲೋದು. ಹತ್ತು ನಿಮಿಷ ಬಿಟ್ಟರೆ ಮತ್ತೆ ಹೊರಡೋದು. ಪಂಪು ಹೋಗಿದೆ ಅಂತ ತೀರ್ಪು ಕೊಟ್ಟವರು ನಾವೇ. ಪಂಪು ಇಳಿಸಿ ಪೇಟೆಗೆ ಒಯ್ದೆವು. ಅವರು ಬಿಚ್ಚಿ, ತೊಳೆದು, ಕ್ಯಾಲಿಬ್ರೇಷನ್ ಮಾಡಿ ಕೊಟ್ಟರು. ಅವರದು ತಪ್ಪಿಲ್ಲ, ನಾವು ಕೊಟ್ಟದ್ದು ಪಂಪು, ಅವರು ನೋಡಿದ್ದು ಪಂಪು. ತಂದು ಕೂರಿಸಿ ಹೊಲಕ್ಕಿಳಿಸಿದರೆ ಮತ್ತೆ ಅರ್ಧ ಗಂಟೆಗೆ ಅದೇ ಕಥೆ.

ದನ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು, ಹಿಂದೆ ಲಾರಿ ಓಡಿಸಿದವರು, ನಿಂತು ನೋಡಿ, "ಅಣ್ಣ, ಆ ಟ್ಯಾಂಕಿಗೆ ಕಟ್ಟಿರೋದು ಏನಣ್ಣ?" ಅಂದರು. ಟ್ಯಾಂಕಿನ ಮುಚ್ಚಳ ಕಳೆದು ತಿಂಗಳಾಗಿತ್ತು. ಪ್ಲಾಸ್ಟಿಕ್ ಕವರ್ ಮಡಿಸಿಟ್ಟು, ಮೇಲೆ ಸೈಕಲ್ ಟ್ಯೂಬಿನ ರಬ್ಬರ್ ಬಿಗಿದಿದ್ದೆವು. ಬಿಚ್ಚಿದ ತಕ್ಷಣ ಉಸ್ ಅಂತ ಗಾಳಿ ಒಳಗೆ ನುಗ್ಗಿತು. ಗಾಡಿ ಸಂಜೆವರೆಗೂ ನಿಲ್ಲಲಿಲ್ಲ.

ಡೀಸೆಲ್ ಕೆಳಗೆ ಇಳಿಯಬೇಕಾದರೆ ಮೇಲಿಂದ ಗಾಳಿ ಬರಬೇಕು. ಕಂಪನಿ ಮುಚ್ಚಳದಲ್ಲಿ ಅದಕ್ಕೇ ಸಣ್ಣ ತೂತು ಇರುತ್ತೆ. ಆ ತೂತು ಧೂಳು, ಜಿಡ್ಡಿನಿಂದ ಮುಚ್ಚಿದರೂ ಅಷ್ಟೆ, ಆಯುಧಪೂಜೆಗೆ ಬಣ್ಣ ಬಳಿಯುವಾಗ ಮುಚ್ಚಿದರೂ ಅಷ್ಟೆ. ನಮಗೆ ಪಂಪಿನ ಖರ್ಚು ಹೋಯಿತು. ಅದಕ್ಕಿಂತ ಹೆಚ್ಚಾಗಿ, ಬಾಡಿಗೆಗೆ ಒಪ್ಪಿಕೊಂಡಿದ್ದ ಪಕ್ಕದವರ ಎರಡು ಎಕರೆಯ ಹದ ಆರಿಹೋಯಿತು. ಅವರು ಇವತ್ತೂ ಈ ಸಭೆಯಲ್ಲಿ ಕೂತಿದ್ದಾರೆ, ಮುಖ ನೋಡಿ ಮಾತಾಡೋಕೆ ನಮಗೆ ಈಗಲೂ ಸಂಕೋಚ.

ಅಂದಿನಿಂದ ನಾವು ಮಾಡಿಕೊಂಡ ಪದ್ಧತಿ ಏನೆಂದರೆ, ಡೀಸೆಲ್ ಹೋಗುವ ದಾರಿಯಲ್ಲೇ ನಾವೂ ಹೋಗೋದು. ಟ್ಯಾಂಕಿನಿಂದ ಹೊರಟು ಕೊನೆಗೆ ಪಂಪು. ಅದಕ್ಕೂ ಮೊದಲು ಸ್ಟಾಪ್ ವೈರ್ ಪೂರ್ತಿ ಒಳಗೆ ಹೋಗಿದೆಯೇ ನೋಡಿ. ತುಕ್ಕು ಹಿಡಿದ ವೈರು ಅರ್ಧಕ್ಕೆ ನಿಂತು ಡೀಸೆಲ್ ಕಟ್ ಮಾಡಿರುತ್ತೆ, ನಾವು ಫಿಲ್ಟರ್ ಬಿಚ್ಚುತ್ತಾ ಕೂತಿರುತ್ತೇವೆ.

ಆಮೇಲೆ ಫೀಡ್ ಪಂಪಿಗೆ ಬರುವ ಪೈಪನ್ನು ಕಳಚಿ, ಕೆಳಗೆ ಬಾಟಲಿ ಹಿಡಿದು ಟ್ಯಾಂಕಿನ ನಲ್ಲಿ ಬಿಡಿ. ಟ್ಯಾಂಕು ಮೇಲಿರುವ ಗಾಡಿಯಲ್ಲಿ ಧಾರೆ ಕಡಿಯದೆ ಬೀಳಬೇಕು. ತೊಟ್ಟಿಕ್ಕಿದರೆ ತೊಂದರೆ ಹಿಂದೆಯೇ ಇದೆ: ನಲ್ಲಿಯ ಜಾಲರಿಯಲ್ಲಿ ಕಸ, ತಳದ ಬಟ್ಟಲಿನಲ್ಲಿ ಕೆಸರು, ಇಲ್ಲವೇ ಒಳಗೇ ಬಿರಿದು ಮುಚ್ಚಿಕೊಂಡ ರಬ್ಬರ್ ಪೈಪು. ಮುಚ್ಚಳ ತೆಗೆದಾಗ ಧಾರೆ ಜೋರಾದರೆ ನಮ್ಮ ಕಥೆಯೇ ನಿಮ್ಮದೂ. ಬಾಟಲಿಯನ್ನು ಸ್ವಲ್ಪ ಹೊತ್ತು ಹಾಗೇ ಇಡಿ. ಡೀಸೆಲ್ ನೀರಿಗಿಂತ ಹಗುರ, ನೀರಿದ್ದರೆ ತಳದಲ್ಲಿ ಬೇರೆಯಾಗಿ ಕಾಣುತ್ತೆ.

ಧಾರೆ ಸರಿಯಿದ್ದರೆ ಫೀಡ್ ಪಂಪಿನ ಜಾಲರಿ ತೊಳೆದು ಫಿಲ್ಟರಿಗೆ ಬನ್ನಿ. ಐಡ್ಲಿಂಗಿಗೆ ಬೇಕಾದ ಡೀಸೆಲ್ ಬಹಳ ಕಡಿಮೆ. ಅದಕ್ಕೇ ಮನೆ ಮುಂದೆ ಗುಡುಗುಡು ಅಂತ ಚೆನ್ನಾಗಿರುವ ಗಾಡಿ ನೇಗಿಲು ಇಳಿಸಿದರೆ ಕುಸಿಯುತ್ತೆ. ಹೊಗೆಯನ್ನೂ ಗಮನಿಸಿ. ಡೀಸೆಲ್ ಸಾಲದೆ ಬಳಲುವ ಎಂಜಿನ್ ಕರಿ ಹೊಗೆ ಕಕ್ಕುವುದಿಲ್ಲ. ಕರಿ ಹೊಗೆ ಬಂದರೆ ಏರ್ ಕ್ಲೀನರ್, ನಾಜಲ್ ಕಡೆ ನೋಡಬೇಕು. ಪೇಪರ್ ಫಿಲ್ಟರನ್ನು ತೊಳೆದು ಹಾಕುವ ಅಭ್ಯಾಸ ಬಿಡಿ. ಹೊಸ ಫಿಲ್ಟರ್ ಹಾಕುವಾಗ ಹಳೇ ರಬ್ಬರ್ ರಿಂಗು ಮೇಲೆ ಅಂಟಿಕೊಂಡಿರುತ್ತೆ, ಕಾಣದೆ ಅದರ ಮೇಲೇ ಹೊಸದನ್ನು ಕೂರಿಸಿದರೆ ಸಂದಿನಲ್ಲಿ ಗಾಳಿ ಸೇರುತ್ತೆ. ಬೆರಳು ಹಾಕಿ ಸುತ್ತ ಸವರಿ ನೋಡಬೇಕು.

ಈ ಗಾಳಿಯೇ ದೊಡ್ಡ ಕಳ್ಳ. ಡೀಸೆಲ್ ಹೊರಗೆ ಸೋರದ ಜಾಗದಲ್ಲೂ ಎಳೆತಕ್ಕೆ ಗಾಳಿ ಒಳಗೆ ನುಗ್ಗುತ್ತೆ. ಫೀಡ್ ಪಂಪಿನ ಹಿಂದೆ ಒಂದು ಗೇಣು ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಹಾಕಿ ನೋಡಿ, ಗುಳ್ಳೆ ಕಣ್ಣಿಗೇ ಕಾಣುತ್ತೆ. ಬಾಂಜೋ ಬೋಲ್ಟಿನ ತಾಮ್ರದ ವಾಷರ್ ಒಮ್ಮೆ ಬಿಗಿದರೆ ಗಡುಸಾಗುತ್ತೆ, ಹೊಸದು ಹಾಕಿ. ಏರ್ ತೆಗೆಯುವಾಗ ಮೊದಲ ಫಿಲ್ಟರಿನ ಸ್ಕ್ರೂ ಸಡಿಲಿಸಿ, ಗುಳ್ಳೆ ಇಲ್ಲದ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ ಬಿಗಿಯಿರಿ. ಆಮೇಲೆ ಎರಡನೆಯದು, ಆಮೇಲೆ ಪಂಪಿನದು. ರೋಟರಿ ಪಂಪಿನ ಗಾಡಿಗೆ ಕ್ರಮ ಸ್ವಲ್ಪ ಬೇರೆ, ಗಾಡಿಯ ಪುಸ್ತಕ ನೋಡಿ.

ಇಲ್ಲಿಗೂ ಸರಿಯಾಗದಿದ್ದರೆ ಮಾತ್ರ ಪಂಪು, ನಾಜಲ್. ಈ ಪಂಪನ್ನು ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ನಮ್ಮ ಆಡುಗೋಡಿಯ ಮೈಕೋ ಅದೇ ಬಳಗದ್ದು, 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಾಯಿತು. ಪಂಪಿನೊಳಗಿನ ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ 1,000 ಮೈಕ್ರಾನ್ ಅಂದರೆ ಲೆಕ್ಕ ಹಾಕಿಕೊಳ್ಳಿ. ಅದನ್ನು ಹೊಲದ ಬದುವಿನಲ್ಲಿ ಕೂತು ಬಿಚ್ಚುವುದು ತಪ್ಪು. ಆ ಸಂದಿಗೆ ಎಣ್ಣೆಯೂ ಡೀಸೆಲ್ಲೇ, ಆದ್ದರಿಂದ ಸೀಮೆಎಣ್ಣೆ ಬೆರೆಸಿದರೆ ಒಣಗಿ ಸವೆಯುತ್ತೆ.

ಒಂದು ಎಚ್ಚರಿಕೆಯನ್ನು ಹುಡುಗರಿಗೆ ಒತ್ತಿ ಹೇಳುತ್ತೇವೆ. ನಾಜಲ್ ಹೊರಗೆ ತೆಗೆದು ಸ್ಪ್ರೇ ನೋಡುವಾಗ ಕೈ ಅಡ್ಡ ಹಿಡಿಯಬೇಡಿ. ಚದರ ಸೆಂಟಿಮೀಟರಿಗೆ 150 ಕೆ.ಜಿ.ಗೂ ಮೀರಿದ ಒತ್ತಡದಲ್ಲಿ ಬರುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತೆ, ಒಳಗೆ ಮಾಂಸ ಕೊಳೆತು ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಹಾಗಾದರೆ ಅರಿಶಿನ ಹಚ್ಚಿ ಕೂರದೆ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ, ಡೀಸೆಲ್ ಹೊಕ್ಕಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.

ಇನ್ನು ಡೀಸೆಲ್ ಇಡುವ ವಿಚಾರ. ಸಂಜೆ ಗಾಡಿ ನಿಲ್ಲಿಸುವಾಗಲೇ ಟ್ಯಾಂಕು ತುಂಬಿಸಿ. ಅರ್ಧ ಖಾಲಿ ಟ್ಯಾಂಕಿನೊಳಗೆ ರಾತ್ರಿ ತಂಪಿಗೆ ನೀರು ಬೆವರುತ್ತೆ. ಬ್ಯಾರಲ್ಲಿನಿಂದ ತೆಗೆಯುವಾಗ ತಳದ ನಾಲ್ಕು ಬೆರಳು ಬಿಟ್ಟು ತೆಗೆಯಿರಿ, ಆಲಿಕೆಗೆ ಜಾಲರಿ ಹಾಕಿ. ಹಳೇ ಬನಿಯನ್ ಬಟ್ಟೆಯಲ್ಲಿ ಸೋಸಿದರೆ ಅದರ ನೂಲೇ ಹೋಗಿ ನಲ್ಲಿಗೆ ಸಿಕ್ಕಿಕೊಳ್ಳುತ್ತೆ.

ಬಾಯಲ್ಲಿ ಹೇಳಿದ್ದು ಕೈಗೆ ಬರೋದಿಲ್ಲ ಅಂತ ಗೊತ್ತು. ಊಟ ಆದ ಮೇಲೆ ಪೆಂಡಾಲಿನ ಹಿಂದೆ ನಿಲ್ಲಿಸಿರುವ ಗಾಡಿಯಲ್ಲಿ ಏರ್ ತೆಗೆದು ತೋರಿಸುತ್ತೇವೆ. ಬಿಳಿ ಪಂಚೆ ಉಟ್ಟವರು ದಯವಿಟ್ಟು ಸ್ವಲ್ಪ ದೂರ ನಿಲ್ಲಬೇಕು.